ಹಿತ್ತಿಲ ಕೋಣೆಗೊಂದು ಹೊಸಿಲು

ಹೊರಡುವ ಮೊದಲು

ಹುಬ್ಬಳ್ಳಿಯಿಂದ ಆಚೆಗೆ ನಾನು ಹೋದವಳೇ ಅಲ್ಲ. ಪಾಸ್‌ಪೋರ್ಟು ಬೇಡದಿದ್ದರೂ ಗುಜರಾತು ನನ್ನ ಪಾಲಿಗೆ ಪರದೇಶವೇ. ನಮ್ಮ ಯಜಮಾನರು ಮೈಸೂರಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ವಡೋದರದ ಗ್ರಂಥಾಲಯವೊಂದರಲ್ಲಿ ಅವರಿಗೆ ಹಳೆಯ ಹಸ್ತಪ್ರತಿಗಳನ್ನು ನೋಡುವುದಿತ್ತು. ಅಹಮದಾಬಾದಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಶೈಲಜಾ ಇದ್ದಾಳೆ. ಸೂರತ್ತಿನಲ್ಲಿ ಸೀರೆ ಸಿಗುತ್ತದೆ. ಇಷ್ಟು ಕಾರಣ ಸಾಕಾಯಿತು ನನಗೆ.

ಸೂಟ್‌ಕೇಸ್ ಮುಚ್ಚುವಾಗ ಇವರು ಇಣುಕಿ ನೋಡಿದರು.

"ಇದೇನೇ ಈ ಸ್ಟೀಲ್ ಡಬ್ಬಿ?"

"ರಂಗೋಲಿ ಪುಡಿ."

"ಅಲ್ಲಿ ಯಾರ ಮನೆ ಬಾಗಿಲು ಸಾರಿಸೋಕೆ ಹೋಗ್ತಾ ಇದ್ದೀಯ?"

"ಇರಲಿ ಬಿಡಿ. ನಿಮ್ಮ ಭೂತಗನ್ನಡಿ ಯಾಕೆ ಅಂತ ನಾನು ಕೇಳಿದ್ನಾ?"

ಬೆಳಿಗ್ಗೆ ಎದ್ದ ಮೇಲೆ ಹೊಸಿಲಿಗೆ ಎರಡು ಎಳೆ ಎಳೆಯದಿದ್ದರೆ ನನಗೆ ದಿನ ಶುರುವಾದಂತೆ ಅನಿಸುವುದಿಲ್ಲ. ಓದಿದ್ದು ಕಾನ್ವೆಂಟಿನಲ್ಲಿ, ಬೆಳೆದದ್ದು ಅಜ್ಜಿಯ ಕೈಯಲ್ಲಿ. ಊಟಕ್ಕೆ ಕುಳಿತರೆ ಸಿಸ್ಟರ್ ಹೇಳಿಕೊಟ್ಟ ಹಾಗೆ ಮೊಣಕೈ ಒಳಗೆ ಎಳೆದುಕೊಳ್ಳುತ್ತೇನೆ, ಎದ್ದ ಕೂಡಲೇ ಅಜ್ಜಿ ಹೇಳಿಕೊಟ್ಟ ಹಾಗೆ ಪೊರಕೆ ಹಿಡಿಯುತ್ತೇನೆ.

ಚಾಂದ್‌ಖೇಡಾ

ಶೈಲಜಾಳ ಗಂಡನಿಗೆ ತೈಲ ಕಂಪನಿಯಲ್ಲಿ ಕೆಲಸ, ವಾಸ ಅವರದೇ ಕ್ವಾರ್ಟರ್ಸಿನಲ್ಲಿ. ಕಾವಲಿನವನು ಆಟೋ ನಿಲ್ಲಿಸಿ, ಯಾರ ಮನೆಗೆ, ಏನು ಸಂಬಂಧ, ಎಂದಿನವರೆಗೆ ಎಂದೆಲ್ಲ ಕೇಳಿದ. 'ಕಸಿನ್ ಸಿಸ್ಟರ್' ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಶೈಲಜಾ ಫೋನಿನಲ್ಲಿ ಏನೋ ಹೇಳಿದ ಮೇಲೆ "ಅಚ್ಛಾ, ಮಾಸಿ ಕೀ ದೀದಿ!" ಎಂದು ಯಾವುದೋ ಹೊಸ ಸಂಬಂಧ ಕಟ್ಟಿ ಒಳಗೆ ಬಿಟ್ಟ.

ಅಹಮದಾಬಾದಿನ ಬೀದಿಗಳಲ್ಲಿ ಹುಡುಗಿಯರು ಕಣ್ಣು ಮಾತ್ರ ಬಿಟ್ಟು ಮುಖವನ್ನೆಲ್ಲ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಸ್ಕೂಟರ್ ಓಡಿಸುತ್ತಾರೆ. ಮೊದಲು ನೋಡಿದಾಗ ಊರಿನ ಹೆಣ್ಣುಮಕ್ಕಳೆಲ್ಲ ಸೇರಿ ಯಾವುದೋ ಬ್ಯಾಂಕಿಗೆ ನುಗ್ಗಲು ಹೊರಟಿದ್ದಾರೇನೋ ಅನಿಸಿತು. ಬಿಸಿಲಿಗೂ ಧೂಳಿಗೂ ಅದೇ ಮದ್ದಂತೆ. ಪಕ್ಕದ ಮನೆಯವರು ಕಾಫಿಗೆ, ಅಲ್ಲಲ್ಲ, ಚಹಾಕ್ಕೆ ಕರೆದರು. ಹೋದರೆ ನಡುಮನೆಯಲ್ಲಿ ಉಯ್ಯಾಲೆ. ಬಂದವರಿಗೆ ಮೊದಲ ಮರ್ಯಾದೆ ಅದರ ಮೇಲೆ ಕೂರಿಸುವುದು. ಕೂತಾಗ ಕಾಲು ಅಲ್ಲಾಡಿಸಬಾರದು ಎಂದು ಸಿಸ್ಟರ್ ಕಲಿಸಿದ್ದರು. ನಾನು ಕಾಲನ್ನು ಅಲ್ಲಾಡಿಸಲಿಲ್ಲ, ಉಯ್ಯಾಲೆಯೇ ನನ್ನನ್ನು ಅಲ್ಲಾಡಿಸಿತು. ಶುಂಠಿ ಚಹಾ ಪೂರ್ತಿ ಮಡಿಲಿಗೆ. ಮನೆಯಾಕೆ ಒಂದು ಮಾತೂ ಆಡದೆ ತನ್ನ ಸೀರೆ ತಂದು ಕೊಟ್ಟು, ನನ್ನದನ್ನು ಒಗೆದು, ಇಸ್ತ್ರಿ ಮಾಡಿ ಸಂಜೆಗೆ ಕಳಿಸಿದರು. ಇಂಥವರ ಮನೆಯ ತೊವ್ವೆಗೆ ಬೆಲ್ಲ ಜಾಸ್ತಿ ಎಂದು ಹೇಗೆ ದೂರುವುದು?

ವಡೋದರದಲ್ಲಿ ಹೋಟೆಲ್ ನೋಡಬೇಕು ಎಂದಾಗ ಶೈಲಜಾ ಕೈ ಅಡ್ಡ ತಂದಳು.

"ಹೋಟೆಲ್ ಯಾಕಕ್ಕಾ? ಮಂಜಲ್‌ಪುರದಲ್ಲಿ ಸುಗುಣಕ್ಕ ಅಂತ ಇದ್ದಾರೆ, ಉಡುಪಿ ಕಡೆಯವರು. ಹಿತ್ತಿಲಲ್ಲಿ ಒಂದು ಕೋಣೆ ಇದೆ. ನಾಲ್ಕು ದಿನಕ್ಕೆ ಬಂದವರಿಗೆ ಕೊಡ್ತಾರೆ. ತಿಂಡಿಗೆ ನೀರ್‌ದೋಸೆ!"

ಇವರಿಗೆ ನೀರ್‌ದೋಸೆ ಅಂದ ಕೂಡಲೇ ಎಲ್ಲ ನಿರ್ಧಾರವಾಗಿ ಹೋಗುತ್ತದೆ.

"ಒಂದೇ ವಿಷಯ," ಎಂದಳು ಶೈಲಜಾ. "ಅವರ ಬಡಾವಣೆಯ ಸೊಸೈಟೀಲಿ ಸ್ವಲ್ಪ ತಕರಾರಿದೆ. ಹಿಂದಿನ ಗಲ್ಲಿ ಬಾಗಿಲಿಂದ ಹೋಗಿ ಬನ್ನಿ. ಜಾಸ್ತಿ ಸದ್ದು ಬೇಡ."

"ಕದ್ದು ಹೋಗಬೇಕಾ?" ಎಂದು ನಾನು ಗಾಬರಿಯಾದೆ.

"ಕದಿಯೋದೇನಿಲ್ಲ ಅಕ್ಕ. ಮನೆಯವರು ಅದೇ ಮನೇಲಿದ್ದು ಒಂದೆರಡು ಕೋಣೆ ಅತಿಥಿಗಳಿಗೆ ಕೊಡಬಹುದು, ಸರ್ಕಾರದ ಹೋಮ್‌ಸ್ಟೇ ನಿಯಮದಲ್ಲಿ ಅದಕ್ಕೆ ಜಾಗ ಇದೆ. ಬಂದವರ ಗುರುತು ಪೊಲೀಸರಿಗೆ ಕೊಡಬೇಕು, ಅದನ್ನೂ ಅವರು ಕೊಡ್ತಾರೆ. ಆದರೆ ಸೊಸೈಟಿಯವರ ಒಪ್ಪಿಗೆ ಪತ್ರವೂ ಬೇಕು. ಅದು ಇನ್ನೂ ಸಿಕ್ಕಿಲ್ಲ. ನಮ್ಮ ಕ್ವಾರ್ಟರ್ಸಲ್ಲಾದ್ರೆ ಕೇಳೋದೇ ಬೇಡ. ಹಿತ್ತಿಲ ರೂಮಿಗೆ ಯಾರನ್ನಾದ್ರೂ ಬಾಡಿಗೆಗೆ ಇಟ್ರೆ ನೌಕರಿಗೇ ಸಂಚಕಾರ."

ಅವಳ ಹಿತ್ತಿಲಲ್ಲೂ ಒಂದು ಪುಟ್ಟ ಕೋಣೆಯಿತ್ತು. ಅದರಲ್ಲಿ ಮುರಿದ ಸೈಕಲ್ಲು, ಕಳೆದ ಸಂಕ್ರಾಂತಿಯ ಗಾಳಿಪಟಗಳು. ಗಾಳಿಪಟಗಳಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಮಂಜಲ್‌ಪುರ

ಇಲ್ಲಿ ಸಾಲು ಮನೆಗಳಿಗೆ 'ಟೆನಾಮೆಂಟ್' ಅನ್ನುತ್ತಾರೆ. ಮುಂದೆ ಪುಟ್ಟ ಅಂಗಳ, ಅದರಲ್ಲೊಂದು ಉಯ್ಯಾಲೆ, ಹಿಂದೆ ಪಾತ್ರೆ ತೊಳೆಯುವ ಕಟ್ಟೆ, ಅದರಾಚೆ ಗಲ್ಲಿ. ಸುಗುಣಕ್ಕ ಗಲ್ಲಿಯ ಬಾಗಿಲಲ್ಲೇ ಕಾದಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ಎಲ್ಲರೂ ಅಕ್ಕ ಅನ್ನುವುದರಿಂದ ನನ್ನ ಬಾಯಿಗೂ ಅದೇ ಬಂತು.

"ಬನ್ನಿ ಅಮ್ಮ, ಬನ್ನಿ ಸರ್. ತಲೆ ಸ್ವಲ್ಪ ತಗ್ಗಿಸಿ, ಬಾಗಿಲು ಗಿಡ್ಡ ಉಂಟು."

ಬಾಗಿಲು ಗಿಡ್ಡವಾದರೂ ದಾರಂದ ಮಾತ್ರ ನೋಡುವಂತಿತ್ತು. ಹಲಸಿನ ಮರದ್ದು, ಜೇನಿನ ಬಣ್ಣ, ಮೇಲೆ ಸಣ್ಣ ಬಳ್ಳಿಯ ಕೆತ್ತನೆ. ಹಿಂದಿನ ಗಲ್ಲಿಗೆ ಇಂಥ ದಾರಂದ ಯಾಕೆ ಅಂತ ಅನಿಸಿತು. ಕೇಳಲಿಲ್ಲ.

ಕೋಣೆ ಚೊಕ್ಕಟವಾಗಿತ್ತು. ಹಾಸಿಗೆಯ ಮೇಲೆ ಕಸೂತಿಯ ಹೊದಿಕೆ, ಕಿಟಕಿಗೆ ಹಳೇ ಸೀರೆಯಲ್ಲಿ ಹೊಲಿದ ಪರದೆ. ಹೊಲಿಗೆ ನೇರ, ಅಂಚು ಮಡಚಿದ್ದು ಅಚ್ಚುಕಟ್ಟು. ಕುಂಕುಮದ ಭರಣಿ ಕೈ ಜಾರಿ ಬಿತ್ತು ನೋಡಿ, ಅದು ನಿಲ್ಲದೆ ಉರುಳುತ್ತಾ ಉರುಳುತ್ತಾ ಮೂಲೆಗೆ ಹೋಯಿತು. ನೆಲ ಒಂದು ಕಡೆಗೆ ಇಳಿಜಾರು. ಮೂಲೆಯಲ್ಲಿ ಮುಚ್ಚಿದ ಮೋರಿಯ ಗುರುತು. ಮಧ್ಯಾಹ್ನ ಬಿಸಿಲೇರಿದಾಗ ಗೋಡೆಯಿಂದ ಒಂದು ವಾಸನೆ ಮೆಲ್ಲಗೆ ಇಳಿಯಿತು. ನನಗೆ ತಟ್ಟನೆ ಗೊತ್ತಾಯಿತು. ಅದು ಹುಳಿ ಬಂದ ದೋಸೆ ಹಿಟ್ಟಿನ ವಾಸನೆ.

"ಹೌದಮ್ಮ, ಇದು ಹಿಟ್ಟಿನ ಕೋಣೆ," ಎಂದರು ಸುಗುಣಕ್ಕ. "ಫತೇಗಂಜಲ್ಲಿ ನಮ್ಮದು ಸಣ್ಣ ಹೋಟೆಲಿತ್ತು. ಇಲ್ಲಿ ರುಬ್ಬಿ, ಬೆಳಗಾಗುವ ಮೊದಲು ಕೊಪ್ಪರಿಗೆಗಳನ್ನು ಈ ಬಾಗಿಲಿಂದ ಟೆಂಪೋಗೆ ಏರಿಸುದು. ಆ ಕಟ್ಟಡವೇ ಹೋಯ್ತು, ಹೊಸದು ಕಟ್ತಾರಂತೆ. ಇವರೀಗ ಸೂರತ್ತಲ್ಲಿ ಯಾರದೋ ಹೋಟೆಲಲ್ಲಿ ದೋಸೆ ಕಾವಲಿ ಮುಂದೆ. ಹಬ್ಬಕ್ಕೆ ಬರ್ತಾರೆ, ಹೋಗ್ತಾರೆ. ಮಾತು ಕಮ್ಮಿ ಆಗಿದೆ."

"ಮತ್ತೆ ಈ ಕೋಣೆ?"

"ಇದು ಸರಿಯಾಗಿ ನಡೆದ್ರೆ ಅವರನ್ನು ಕರೀಬಹುದು ಅಮ್ಮ. ಬಂದವರಿಗೆ ತಿಂಡಿ, ಊಟ ಅವರೇ ಮಾಡಿ ಹಾಕ್ತಾರೆ. ಒಪ್ಪಿಗೆ ಸಿಗ್ಲಿಲ್ಲಾಂದ್ರೆ ಈ ಮನೆ ಕೊಟ್ಟು ನಾವೇ ಸೂರತ್ತಿಗೆ ಹೋಗುದು. ಮಗಳ ಕಾಲೇಜು ಇಲ್ಲಿ. ಎಂತ ಮಾಡುದು ಹೇಳಿ?"

ಮಗಳು ನಿಧಿ ಚುರುಕು ಹುಡುಗಿ. ಇಲ್ಲೇ ಹುಟ್ಟಿದವಳು. ಅವಳ ಕನ್ನಡ ಮೂರು ಭಾಷೆಯ ನಡುವೆ ಸಿಕ್ಕಿಕೊಂಡು ಹೊರಬರುತ್ತಿತ್ತು.

"ಆಂಟಿ, ಬ್ಯಾಕ್ ಗಲ್ಲೀಲಿ ಜೋರಾಗಿ ಬಾತ್ ಮಾಡ್ಬೇಡಿ, ಹಾಂ? ಎದುರ್ಗಡೆ ಕಪಿಲಾಬಾ ಇದ್ದಾರೆ ನಾ, ಅವ್ರು ಸಿ.ಸಿ.ಟಿ.ವಿ."

ಮರುದಿನ ಬೆಳಿಗ್ಗೆ

ಎದ್ದೆ. ಹೊಸ ಜಾಗ, ಚಳಿ, ದೂರದಲ್ಲೆಲ್ಲೋ ಹಾಲಿನ ಕ್ಯಾನುಗಳ ಸದ್ದು. ಗಲ್ಲಿಯ ಬಾಗಿಲು ತೆರೆದೆ. ಒಳಗೆ ಬಂದದ್ದು ಆ ಬಾಗಿಲಿಂದ ತಾನೇ? ಹೊಸಿಲ ಮೇಲೆ ಧೂಳು ಕೂತಿತ್ತು. ಅಷ್ಟು ಚೆಂದದ ದಾರಂದ, ಅದರ ಕಾಲಬುಡದಲ್ಲಿ ಧೂಳು! ಒಂದು ತಂಬಿಗೆ ನೀರು ಚಿಮುಕಿಸಿ, ಡಬ್ಬಿ ತೆಗೆದು, ಹೊಸಿಲಿಗೆ ಎಳೆ ಎಳೆದೆ. ಮುಂದೆ ಚುಕ್ಕಿಯಿಟ್ಟು ಒಂದು ಪುಟ್ಟ ಕಮಲ. ಎರಡು ಬೊಟ್ಟು ಕುಂಕುಮ. ಮನಸ್ಸು ತಣ್ಣಗಾಯಿತು. ಸದ್ದು ಮಾಡಬಾರದು ಅಂದಿದ್ದರು, ರಂಗೋಲಿಗೇನು ಸದ್ದೇ?

ತಲೆಯೆತ್ತಿದರೆ ಗಲ್ಲಿಯಲ್ಲಿ ಒಬ್ಬ ಹಿರಿಯ ಹೆಂಗಸು. ಬಿಳಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಕೈಯಲ್ಲಿ ತುಳಸಿಯ ಕುಡಿ. ವಾಕಿಂಗ್ ಹೊರಟವರು. ನನ್ನನ್ನೂ ಕಮಲವನ್ನೂ ಸರದಿಯಂತೆ ನೋಡಿದರು.

"ಬಹುತ್ ಸುಂದರ್," ಎಂದರು.

"ಥ್ಯಾಂಕ್ ಯೂ," ಎಂದೆ. ಸಿಸ್ಟರ್ ಕಲಿಸಿದ್ದು ನಾಲಿಗೆಯ ತುದಿಯಲ್ಲೇ ಇರುತ್ತದಲ್ಲ.

ಅವರು ನಗಲಿಲ್ಲ, ಮುಂದೆ ಹೋದರು. ಹೋದ ದಿಕ್ಕು ವಾಕಿಂಗಿನದಾಗಿರಲಿಲ್ಲ. ಸೊಸೈಟಿಯ ಅಧ್ಯಕ್ಷರಾದ ಹಸ್ಮುಖ್‌ಭಾಯ್ ಮನೆ ಆ ಕಡೆಗಿತ್ತು ಎಂದು ಆಮೇಲೆ ತಿಳಿಯಿತು.

ನೀರ್‌ದೋಸೆ ತಟ್ಟೆಗೆ ಬೀಳುವಷ್ಟರಲ್ಲಿ ಸುದ್ದಿ ಬಂತು. ನಿಧಿ ಮುಂದಿನ ಅಂಗಳದಿಂದ ಓಡಿಬಂದಳು.

"ಮಮ್ಮಿ, ಕಲ್ ಶಾಮ್ ಮೀಟಿಂಗ್! ಕಾಮನ್ ಪ್ಲಾಟಲ್ಲಿ. ನಮ್ಮ ರೂಮ್ ಬಗ್ಗೇನೇ. ಕಪಿಲಾಬಾ ಹೇಳಿದ್ರಂತೆ, ಪೀಛೆ ಒಂದು ಅಲಗ್ ಮನೆ ಶುರು ಆಗಿದೆ, ಉಂಬರೋ ಪೂಜೆ ಕೂಡ ಆಗಿದೆ ಅಂತ."

'ಉಂಬರೋ' ಅಂದರೆ ಹೊಸಿಲು. ಗುಜರಾತಿನ ಹೆಂಗಸರಿಗೂ ಬೆಳಿಗ್ಗೆ ಹೊಸಿಲು ಪೂಜಿಸುವ ವಾಡಿಕೆಯಿದೆ, ಆದರೆ ಅದನ್ನು ಮಾಡುವವಳು ಆ ಮನೆಯ ಒಡತಿ. ಅತಿಥಿ ಎಷ್ಟೇ ಹತ್ತಿರದವಳಾದರೂ ಇನ್ನೊಬ್ಬರ ಹೊಸಿಲು ಮುಟ್ಟುವುದಿಲ್ಲ. ಸೊಸೈಟಿಯ ನಿಯಮದಲ್ಲಿ ಒಂದು ನಿವೇಶನಕ್ಕೆ ಒಂದು ಸಂಸಾರ. ಅತಿಥಿಗಳು ಬರಬಹುದು, ಇನ್ನೊಂದು ಸಂಸಾರ ಹೂಡುವಂತಿಲ್ಲ. ನಾನು ಹಿತ್ತಿಲ ಕೋಣೆಗೆ ಹೊಸಿಲು ಪೂಜಿಸಿ, ಅದು ಬೇರೆ ಮನೆಯೆಂದು ಬೆಳಕು ಹರಿಯುವ ಮೊದಲೇ ಸಾರಿಬಿಟ್ಟಿದ್ದೆ.

ನಾನು ಎದ್ದು ಹೋಗಿ ಒರೆಸಲು ನೋಡಿದೆ. ಸುಗುಣಕ್ಕ ಕೈ ಹಿಡಿದರು.

"ಬೇಡ ಅಮ್ಮ. ಹಾಕಿದ್ದನ್ನು ಒರೆಸಬಾರದು. ದೋಸೆ ತಣ್ಣಗಾಗ್ತದೆ, ತಿನ್ನಿ."

ಆ ಹೊತ್ತಿಗೆ ನನಗೆ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಫತೇಗಂಜ್

ಇವರು ಹಸ್ತಪ್ರತಿಗಳ ಮುಂದೆ ಭೂತಗನ್ನಡಿ ಹಿಡಿದು ಕೂತರು. ನಿಧಿಗೆ ಕ್ಲಾಸು ಮುಗಿದಿತ್ತು, ನನ್ನನ್ನು ಫತೇಗಂಜಿಗೆ ಕರೆದುಕೊಂಡು ಹೋದಳು. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಹಾಸ್ಟೆಲಿನ ಬಟ್ಟೆ ಹರವಿದ ಬಾಲ್ಕನಿಗಳು, ಸೇವ್ ಉದುರಿಸಿದ ಖಾರದ ಉಸಳ್ ಮಾರುವ ಗಾಡಿಗಳು. ಸಿಹಿ ತೊವ್ವೆಯ ಊರಿನಲ್ಲಿ ಕಣ್ಣಲ್ಲಿ ನೀರು ಬರುವ ಖಾರ! ಮೂಗು ಒರೆಸಿಕೊಳ್ಳುತ್ತಾ ಎರಡನೇ ತಟ್ಟೆಯನ್ನೂ ಮುಗಿಸಿದೆ.

ಒಂದು ಕಡೆ ತಗಡಿನ ಬೇಲಿ, ಒಳಗೆ ಅಗೆದ ಹಳ್ಳ. ನಿಧಿ ನಿಂತಳು.

"ಇಲ್ಲಿ ಪಪ್ಪಾದು ಹೋಟೆಲ್."

ನೋಡಲು ಏನೂ ಇರಲಿಲ್ಲ. ಬೇಲಿಯ ಪಕ್ಕದಲ್ಲಿ ಹಳೆಯ ಪುಸ್ತಕ ಮಾರುವವನು ಅವಳನ್ನು ಗುರುತು ಹಿಡಿದು, ನಿಮ್ಮಪ್ಪನ ಸಾಂಬಾರ್ ಬಿಟ್ಟ ಮೇಲೆ ನನಗೆ ಭಾನುವಾರವೇ ಬರುವುದಿಲ್ಲ ಎಂದ. ನಿಧಿ ನಕ್ಕಳು, ಆಮೇಲೆ ಬೇಲಿಯ ತಗಡನ್ನು ಉಗುರಿನಿಂದ ಕೆರೆಯುತ್ತಾ ನಿಂತಳು.

"ಆಂಟಿ, ಆ ಹಿಂದಿನ ಬಾಗಿಲು ಇದೆಯಲ್ಲ, ಪಪ್ಪ ಊರಿಂದ ಲಾರೀಲಿ ಲಾಯೇ ಥೇ... ತಂದಿದ್ದು. ಅಜ್ಜನ ಮನೆ ದೇವರ ಕೋಣೆದು. ಊರ್ ಮನೆ ಪಾಲಾದಾಗ ಪಪ್ಪ ಕೇಳಿದ್ದು ಅದೊಂದೇ. ಹಿಟ್ಟು ಅದರಿಂದ ಹೊರಗೆ ಹೋದ್ರೆ ಹೋಟೆಲಿಗೆ ಒಳ್ಳೇದು ಅಂತಿದ್ರು. ಈಗ ಬಂದಾಗೆಲ್ಲ ಅದಕ್ಕೆ ಎಣ್ಣೆ ಹಚ್ತಾರೆ. ಹೋಟೆಲ್ ಹೋಯ್ತು, ಎಣ್ಣೆ ಚಾಲೂ."

ಹಿಂದಿನ ಗಲ್ಲಿಗೆ ಆ ದಾರಂದ ಯಾಕೆ ಎಂಬುದು ಆಗ ತಿಳಿಯಿತು.

ಕಾಮನ್ ಪ್ಲಾಟ್

ಪ್ರತಿ ಸೊಸೈಟಿಯ ನಡುವೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ನವರಾತ್ರಿಯಲ್ಲಿ ಅಲ್ಲೇ ಗರ್ಬಾ, ಮಿಕ್ಕ ದಿನ ಕ್ರಿಕೆಟ್ಟು, ಬೇಕಾದಾಗ ಜಗಳ. ಮರುದಿನ ಸಂಜೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಜಮಖಾನದ ಮೇಲೆ. ಪ್ರತಿಯೊಬ್ಬರ ಮಡಿಲಲ್ಲೂ ಹಸಿ ತೊಗರಿಕಾಯಿ. ಮೀಟಿಂಗಿಗೆ ಬಂದರೂ ಕೈ ಸುಮ್ಮನೆ ಇರುವ ಜನವಲ್ಲ. ಮೈಸೂರಿನ ಅವರೆಕಾಯಿ ಕಾಲ ನೆನಪಾಯಿತು. ಯಾರೂ ಕೊಡದಿದ್ದರೂ ಪಕ್ಕದ ರಾಶಿಯಿಂದ ಒಂದು ಹಿಡಿ ಎಳೆದುಕೊಂಡು ಸುಲಿಯತೊಡಗಿದೆ. ರಾಶಿಯ ಒಡತಿ ಯಾರೆಂದು ನೋಡಿದರೆ ಕಪಿಲಾಬಾ!

ಅವರು ನನ್ನ ಬೆರಳು ನೋಡಿದರು. "ಬರುತ್ತೆ ನಿಮಗೆ," ಎಂದರು ಹಿಂದಿಯಲ್ಲಿ.

"ನಮ್ಮಲ್ಲಿ ಕಾಳಿನ ಸಿಪ್ಪೆಯನ್ನೂ ಹಿತುಕಿ ತೆಗೆಯುತ್ತೇವೆ," ಎಂದೆ ನನ್ನ ಮುರುಕು ಹಿಂದಿಯಲ್ಲಿ.

ಹಸ್ಮುಖ್‌ಭಾಯ್ ಕನ್ನಡಕ ಏರಿಸಿ ವಿಷಯ ಹೇಳಿದರು. ಗಟ್ಟಿ ದನಿಯವರಾದರೂ ಒರಟರಲ್ಲ. "ಸುಗುಣಾಬೇನ್ ಬಗ್ಗೆ ಯಾರಿಗೂ ಬೇಸರವಿಲ್ಲ. ಆದರೆ ಕೊನೆಯ ಸಾಲಿನ ಮನೆಯವರು ಮಾಡಿದ್ದು ನೆನಪಿದೆಯಲ್ಲ? ಅವರು ಬೇರೆ ಊರಲ್ಲಿದ್ದು, ಹಿಂದಿನ ಕೋಣೆಯನ್ನು ಫೋನಿನಲ್ಲೇ ಕೊಡುತ್ತಿದ್ದರು. ಯಾರ್ಯಾರೋ ಬಂದು ಬಾಟಲಿ ತೆಗೆದರು. ಪಾನನಿಷೇಧ ಇರುವ ಈ ರಾಜ್ಯದಲ್ಲಿ! ಪೊಲೀಸ್ ಜೀಪು ಬಂದದ್ದು ನಮ್ಮ ಗೇಟಿಗೆ."

"ನನ್ನ ಮೊಮ್ಮಗಳು ಟ್ಯೂಷನ್ ಮುಗಿಸಿ ಅದೇ ಗಲ್ಲಿಯಲ್ಲಿ ಬರ್ತಾಳೆ," ಎಂದರು ಕಪಿಲಾಬಾ, ತೊಗರಿಕಾಳಿನಿಂದ ಕಣ್ಣೆತ್ತದೆ. "ಅವತ್ತು ಯಾವನೋ ಅವಳಿಗೆ ದಾರಿ ಬಿಡಲಿಲ್ಲ. ಈಗಲೂ ಒಬ್ಬಳೇ ಬರಲು ಹೆದರ್ತಾಳೆ. ಮುಂದಿನ ಬೀದಿಯಲ್ಲಿ ಯಾರು ಬಂದರು, ಹೋದರು ಅಂತ ನಾನು ಉಯ್ಯಾಲೆಯಿಂದ ನೋಡ್ತೀನಿ. ಹಿಂದಿನ ಗಲ್ಲಿಯಲ್ಲಿ ಯಾರು ನೋಡ್ತಾರೆ?"

ನನಗೆ ಈ ಸಿ.ಸಿ.ಟಿ.ವಿ. ಅಜ್ಜಿಯ ಮೇಲಿದ್ದ ಮುನಿಸು ಅಲ್ಲೇ ಇಳಿದುಹೋಯಿತು.

ಸುಗುಣಕ್ಕ ಎದ್ದು ನಿಂತರು. "ನಾನು ಇಲ್ಲೇ ಇರ್ತೇನಲ್ಲ ಭಾಯ್. ಬಂದವರು ನನ್ನ ಕೈಯಡುಗೆ ಉಣ್ಣುವವರು. ಅವರು ಬೇರೆ ಮನೆಯವರಲ್ಲ."

"ಬೇರೆ ಮನೆಯಲ್ಲದಿದ್ದರೆ ಹೊಸಿಲು ಯಾಕೆ ಪೂಜಿಸಿದರು?" ಎಂದು ಕುರ್ಚಿಯಿಂದ ಯಾರೋ ಕೇಳಿದರು. "ಸರ್ಕಾರದ ನಿಯಮವೂ ಅದೇ ಹೇಳುತ್ತೆ. ಮನೆಯವರು ಇರುವ ಮನೆಯ ಕೋಣೆ ಆಗಿರಬೇಕು. ಅದಕ್ಕೆ ಬೇರೆ ಬಾಗಿಲು, ಬೇರೆ ಹೊಸಿಲು ಇದ್ದರೆ ಅದು ಬೇರೆ ಮನೆಯೇ."

ಎಲ್ಲರ ಕಣ್ಣೂ ನನ್ನ ಮೇಲೆ. ಶಾಲೆಯಲ್ಲಿ ಸಿಸ್ಟರ್ ಹೆಸರು ಕರೆದಂತಾಯಿತು. ಎದ್ದು ನಿಂತೆ, ಮಡಿಲಲ್ಲಿದ್ದ ಕಾಳೆಲ್ಲ ಚೆಲ್ಲಿದವು. ಇಂಗ್ಲಿಷಿನಲ್ಲಿ ಶುರು ಮಾಡಿ, ಅದು ಭಾಷಣದಂತೆ ಕೇಳಿದ್ದರಿಂದ ಹಿಂದಿಗೆ ಬಂದೆ.

"ನಮ್ಮ ಊರಲ್ಲಿ, ಬೆಳಿಗ್ಗೆ ಹೊಸಿಲು ಬರಿದಾಗಿದ್ದರೆ ಒಳಗೆ ಸಾವಾಗಿದೆ ಅಂತ ಅರ್ಥ. ಒಡತಿ ನಾನಲ್ಲ, ಸುಗುಣಾಬೇನ್. ನಾನು ಮಲಗಿ ಎದ್ದ ಬಾಗಿಲು ಹಾಗೆ ಕಾಣಬಾರದು ಅಂತ ಹಾಕಿದೆ, ಅಷ್ಟೇ. ಅವರು ನನ್ನನ್ನ ಮುಂಬಾಗಿಲಿಂದ ಕರೆದಿದ್ದರೆ ಅಲ್ಲಿ ಹಾಕುತ್ತಿದ್ದೆ."

ಜಮಖಾನದ ಮೇಲೆ ಚೆಲ್ಲಿದ ಕಾಳುಗಳನ್ನು ಕಪಿಲಾಬಾ ಒಂದೊಂದಾಗಿ ಆರಿಸುತ್ತಿದ್ದರು.

"ಹಾಗಾದರೆ ಮುಂಬಾಗಿಲಿಂದಲೇ ಬರಲಿ," ಎಂದರು. "ಹಿಂದಿನ ಬಾಗಿಲು ಮುಚ್ಚಿಸಿ. ಇಟ್ಟಿಗೆ ಹಾಕಿಸಿ. ಬಂದವರು ನನ್ನ ಉಯ್ಯಾಲೆಯ ಮುಂದೆ ಹಾದು, ಸುಗುಣಾಳ ನಡುಮನೆ ದಾಟಿ, ಹಿತ್ತಿಲಿಗೆ ಹೋಗಲಿ. ಆಗ ಅತಿಥಿಗಳು ಅಂತ ನಾನೂ ಒಪ್ಪಿಕೊಳ್ತೀನಿ. ನೀರು ಬೇಕಾದರೆ ನನ್ನ ಮನೆಯಲ್ಲೇ ಕುಡಿಯಲಿ."

"ಮತ್ತು ವಿಚಾರಣೆ?" ಎಂದು ನಿಧಿ ಹಿಂದಿನಿಂದ ಗುನುಗಿದಳು.

"ಅದೂ ನಾನೇ ಮಾಡ್ತೀನಿ, ಬೇಟಾ!"

ನಗು ಎದ್ದಿತು. ಹಸ್ಮುಖ್‌ಭಾಯ್ ಸುತ್ತಲೂ ನೋಡಿದರು, ತಲೆಗಳು ಆಡಿದವು. "ಆ ಬಾಗಿಲು ಮುಚ್ಚಿದ ದಿನ ಒಪ್ಪಿಗೆ ಪತ್ರ ನಿಮ್ಮ ಕೈಗೆ, ಸುಗುಣಾಬೇನ್. ಸರಿಯಾ?"

ಸುಗುಣಕ್ಕ ಸರಿ ಅನ್ನಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಅವರನ್ನು ಕೇಳ್ಬೇಕು," ಎಂದಷ್ಟೇ ಹೇಳಿ ಕೂತುಬಿಟ್ಟರು. ಇಷ್ಟು ಸುಲಭದ ದಾರಿ ಕೊಟ್ಟರೂ ಇವರದೇನು ಹಟ ಎಂದು ಕುರ್ಚಿಗಳಲ್ಲಿ ಗೊಣಗಾಟ ಕೇಳಿತು. ಆ ಬಾಗಿಲು ಏನೆಂದು ಅಲ್ಲಿ ಗೊತ್ತಿದ್ದವರು ತಾಯಿ, ಮಗಳು ಮತ್ತು ನಾನು.

ಹೊರಟ ಬೆಳಿಗ್ಗೆ

ಡಬ್ಬಿ ಹಿಡಿದು ಎದ್ದವಳು ಗಲ್ಲಿಯ ಬಾಗಿಲ ಕಡೆ ಹೋಗಲಿಲ್ಲ. ಹಿತ್ತಿಲು ದಾಟಿ, ತಗಡಿನ ಬಾಗಿಲು ತಳ್ಳಿ, ಅಡುಗೆಮನೆಯ ಮೂಲಕ ಮುಂದಕ್ಕೆ ಬಂದೆ. ಅಂಗಳ ಆಗಲೇ ಗುಡಿಸಿ ಒದ್ದೆಯಾಗಿತ್ತು. ಹೊಸಿಲ ಮುಂದೆ ಚುಕ್ಕಿಗಳನ್ನು ಇಟ್ಟಿದ್ದರು, ಎಳೆ ಎಳೆದಿರಲಿಲ್ಲ. ಕರಾವಳಿಯ ಕೈ, ಚುಕ್ಕಿಗಳು ಸ್ವಲ್ಪ ಸೊಟ್ಟ.

"ನೀವೇ ಎಳೀರಿ ಅಮ್ಮ," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಸುಗುಣಕ್ಕ.

"ಒಡತಿ ನೀವಲ್ಲವಾ?"

"ಚುಕ್ಕಿ ನಂದು. ಎಳೆ ನಿಮ್ಮದು. ಯಾರು ಎಂತ ಹೇಳ್ತಾರೆ ಕಾಣುವಾ."

ಎದುರಿನ ಉಯ್ಯಾಲೆ ಕಿರ್ ಎಂದು ನಿಂತಿತು. ನಾನು ಎಳೆ ಮುಗಿಸುವವರೆಗೆ ಮತ್ತೆ ಆಡಲಿಲ್ಲ.

ಬ್ಯಾಗುಗಳು ಹೊರಗೆ ಬಂದಾಗ ಸುಗುಣಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಸೂರತ್ತಿಗೆ ಹೋಗ್ತೀರಲ್ಲ, ಅವರ ಹೋಟೆಲಿಗೆ ಹೋಗಿ. ಬಾಗಿಲ ವಿಷಯ ನೀವೇ ಹೇಳಿ. ಫೋನಲ್ಲಿ ನಾನು ಹೇಳಿದ್ರೆ 'ಆಯ್ತು' ಅಂತಾರೆ, ಇಟ್ಟುಬಿಡ್ತಾರೆ. ಆ 'ಆಯ್ತು' ಒಳಗೆ ಎಂತ ಉಂಟು ನನಗೆ ಗೊತ್ತಾಗುದಿಲ್ಲ. ಹೋಟೆಲು ಹೋದಾಗಲೂ 'ಆಯ್ತು' ಅಂತಲೇ ಹೇಳಿದ್ದು. ನೀವು ಅವರ ಮುಖ ನೋಡಿ. ನೋಡಿ ನನಗೆ ಹೇಳಿ. ಮುಖ ಸರಿ ಇಲ್ಲಾಂದ್ರೆ ಆ ಬಾಗಿಲು ಮುಚ್ಚುದಿಲ್ಲ ನಾನು. ಮನೆ ಹೋದ್ರೆ ಹೋಗ್ಲಿ."

ಇಂಥ ಕೆಲಸವನ್ನು ನನಗೆ ಇದುವರೆಗೆ ಯಾರೂ ವಹಿಸಿರಲಿಲ್ಲ. ರೈಲಿನಲ್ಲಿ ಇವರು ಹಸ್ತಪ್ರತಿಯ ವಿಷಯ ಹೇಳುತ್ತಿದ್ದರು. ನಾನು ಮುಖಗಳನ್ನು ನೋಡುತ್ತಿದ್ದೆ. ಎದುರಿನವರು ಢೋಕಳಾ ಡಬ್ಬಿ ತೆರೆದು, ತಮಗಿಂತ ಮೊದಲು ನಮಗೆ ಚಾಚಿದರು.

ಸೂರತ್

ಸೂರತ್ತಿನಲ್ಲಿ ಚಳಿಗಾಲಕ್ಕೆ ಎಳೆ ಜೋಳದ ತೆನೆ ಸುಟ್ಟು, ಹಸಿರು ಕಾಳು ಬಿಡಿಸಿ ಮಾರುತ್ತಾರೆ. 'ಪೋಂಕ್' ಅನ್ನುತ್ತಾರೆ. ಧಾರವಾಡದ ಗೆಳತಿಯೊಬ್ಬಳು ತರುತ್ತಿದ್ದ ಸೀತನಿ ನೆನಪಾಗಿ ಒಂದು ಪೊಟ್ಟಣ ಕೊಂಡೆ. ಸೀರೆ ಅಂಗಡಿಯವರು ಹಾಸಿನ ಮೇಲೆ ಕೂರಿಸಿ ಸೀರೆಗಳನ್ನು ಬೆಟ್ಟದಂತೆ ಬಿಚ್ಚಿ ಹಾಕಿದರು. ನನ್ನ ಕಣ್ಣಿಗೆ ಯಾವ ಬಣ್ಣವೂ ಹತ್ತಲಿಲ್ಲ. "ಏನೇ, ಸೀರೆ ಮುಂದೆ ಕೂತು ಸುಮ್ಮನಿದ್ದೀಯ, ಮೈಯಲ್ಲಿ ಹುಷಾರಿದೆ ತಾನೇ?" ಎಂದು ಇವರೇ ಗಾಬರಿಯಾದರು.

ಬಟ್ಟೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಆ ಹೋಟೆಲು. ಊಟದ ಗದ್ದಲ ಇಳಿದಿತ್ತು. ಮಾಲೀಕರಿಗೆ ಹೇಳಿದಾಗ ಅಡುಗೆಮನೆಯ ಬಾಗಿಲವರೆಗೆ ಬಿಟ್ಟರು. ಒಳಗೆ ಕಾವಲಿಯ ಮುಂದೆ ಸುಗುಣಕ್ಕನ ಗಂಡ ಸದಾನಂದ ಅವರು, ಗಿಡ್ಡನೆಯ ಗಟ್ಟಿ ಆಸಾಮಿ, ಹೆಗಲ ಮೇಲೆ ಕೆಂಪು ಅಂಚಿನ ಬೈರಾಸು.

"ಮನೆಯಿಂದ ಬಂದ್ರಾ?" ಎಂದರು. "ಸುಗುಣ ಫೋನ್ ಮಾಡಿದ್ದಳು. ನಿಲ್ಲಿ, ದೋಸೆ ಹಾಕ್ತೇನೆ. ತಿಂದು ಮಾತಾಡುವಾ."

"ಮೊದಲು ಹೇಳಿಬಿಡ್ತೀನಿ," ಎಂದೆ. ಹೇಳಿಯೂ ಬಿಟ್ಟೆ. ನನ್ನ ರಂಗೋಲಿ, ಕಪಿಲಾಬಾ, ಮೀಟಿಂಗು, ಬಾಗಿಲು ಮುಚ್ಚಿದರೆ ಒಪ್ಪಿಗೆ. ಯಾವುದನ್ನೂ ಸಿಹಿ ಮಾಡಲಿಲ್ಲ.

ಅವರ ಮುಖ ನೋಡಬೇಕು ಎಂದುಕೊಂಡಿದ್ದರೆ ಅವರು ಕಾವಲಿಯತ್ತ ತಿರುಗಿಬಿಟ್ಟರು. ನೀರು ಚಿಮುಕಿಸಿದರು, ಚುರ್ ಎಂದಿತು. ಹಿಟ್ಟು ಹುಯ್ದು ಸೌಟಿನಿಂದ ಸುತ್ತ ತಿರುವಿದರು. ಬೆನ್ನು ಮಾತ್ರ ಕಾಣುತ್ತಿತ್ತು. ಬೆನ್ನನ್ನು ಓದುವುದು ಹೇಗೆ? ಇವರು ನನ್ನ ಮೊಣಕೈ ಮೆಲ್ಲಗೆ ಒತ್ತಿದರು. ದೋಸೆಯ ಅಂಚು ಕೆಂಪಾಯಿತು, ಕಪ್ಪಾಗತೊಡಗಿತು. ಅವರು ಎತ್ತಲಿಲ್ಲ. ದೋಸೆ ಹಾಕುವ ಕೈಗೆ ಹಾಗಾಗುವುದು ಉಂಟೇ? ಸೀದ ವಾಸನೆ ಬಂದ ಮೇಲೆ ಎತ್ತಿ ಪಕ್ಕಕ್ಕೆ ಹಾಕಿದರು.

"ಆಯ್ತು," ಎಂದರು.

ಸುಗುಣಕ್ಕ ಹೇಳಿದ್ದ ಅದೇ 'ಆಯ್ತು'.

"ಇಟ್ಟಿಗೆ ಹಾಕುದಾ, ಬರೇ ಬೀಗ ಹಾಕುದಾ?"

"ಇಟ್ಟಿಗೆ."

"ಮೇಸ್ತ್ರಿ ಯಾರಂತೆ?"

"ಅದೆಲ್ಲ ಇನ್ನೂ ಇಲ್ಲ. ನಿಮ್ಮನ್ನ ಕೇಳದೆ ಮುಚ್ಚೋದಿಲ್ಲ ಅಂದಿದ್ದಾರೆ."

ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ಇಲ್ಲಿಯ ಮೇಸ್ತ್ರಿಗಳು ದಾರಂದ ಬಿಡಿಸುದಿಲ್ಲ ಅಮ್ಮ, ಒಡೀತಾರೆ. ಸುಗುಣನಿಗೆ ಹೇಳಿ, ಯಾರನ್ನೂ ಕರೀಲಿಕ್ಕಿಲ್ಲ. ನಾನೇ ಬಂದು ತೆಗೀತೇನೆ."

"ತೆಗೆದು?"

"ತೆಗೆದು ಎಂತ? ಅಡುಗೆಮನೆಯಿಂದ ಹಿತ್ತಿಲಿಗೆ ತಗಡಿನ ಬಾಗಿಲು ಉಂಟು, ನೋಡ್ಲಿಲ್ವಾ ನೀವು? ಇನ್ನು ಬಂದವರೆಲ್ಲ ಅಲ್ಲಿಂದಲೇ ದಾಟಿ ಹೋಗುದಲ್ಲ? ದೇವರ ಕೋಣೆಯ ದಾರಂದ ಗಲ್ಲಿಗೆ ಮುಖ ಮಾಡಿ ಇಟ್ಟದ್ದೇ ಸರಿಯಾಗ್ಲಿಲ್ಲ. ಒಳಗೆ ಇಡುವಾ. ಅತಿಥಿಗಳನ್ನು ತಗಡಿನ ಬಾಗಿಲಿಂದ ಕರೀಲಿಕ್ಕೆ ಆಗ್ತದಾ ಮಾರಾಯ್ರೆ?"

ಹೊರಗೆ ನಿಂತಿದ್ದ ಮಾಲೀಕರತ್ತ ತಿರುಗಿ, "ಶೇಟ್, ಬೇರೆ ಜನ ನೋಡಿಕೊಳ್ಳಿ," ಎಂದು ಹಿಂದಿಯಲ್ಲಿ ಕೂಗಿದರು. ಮಾಲೀಕರು "ಯಾವಾಗಿಂದ?" ಎನ್ನುವಷ್ಟರಲ್ಲಿ ಸದಾನಂದ ಅವರು ಕಾವಲಿಗೆ ಮತ್ತೆ ನೀರು ಚಿಮುಕಿಸಿದ್ದರು.

ಎರಡನೇ ದೋಸೆ ಹೇಗಿತ್ತು ಎಂದು ಬರೆಯಲಾರೆ. ನಮ್ಮ ಯಜಮಾನರು ಅದರ ಮುಂದೆ ಹಸ್ತಪ್ರತಿಗಳನ್ನೆಲ್ಲ ಮರೆತರು.

ನಾನು ಹೊರಗೆ ಬಂದು ಸುಗುಣಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ನಮಸ್ಕಾರವಿಲ್ಲ, ಊಟ ಆಯಿತಾ ಇಲ್ಲ.

"ಮುಖ ಹೇಗುಂಟು ಅಮ್ಮ?"

ಒಳಗೆ ಇಣುಕಿದೆ. ಸದಾನಂದ ಅವರು ಕಾವಲಿ ಬಿಟ್ಟು ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ದೋಸೆ ಮಗುಚುವ ಸಟ್ಟುಗ ಹಾಗೇ ಇತ್ತು. ಎರಡೂ ತೋಳು ಚಾಚಿ, ದಾರಂದದ ಈ ಕಡೆಯಿಂದ ಆ ಕಡೆಗೆ ಅಗಲ ನೋಡುತ್ತಿದ್ದರು. ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತಾ ತಲೆ ತಗ್ಗಿಸಿ ಒಮ್ಮೆ ದಾಟಿದರು, ತಿರುಗಿ ಮತ್ತೊಮ್ಮೆ ದಾಟಿದರು.

"ಅಳತೆ ತಗೋತಾ ಇದ್ದಾರೆ," ಎಂದೆ.